ಹನ್ನೊಂದು ವರ್ಷ ತೆರೆಯದ ಟ್ರಂಕು

2024ರ ನವರಾತ್ರಿಗೆ ನಾಲ್ಕು ದಿನ ಮುಂಚೆ, ಒಂದು ಭಾನುವಾರ, ನಾವು ಮೂವರು ಏಣಿ ಹಾಕಿ ಅಟ್ಟ ಹತ್ತಿದೆವು. ಮನೆ ನಮ್ಮ ಬಳಗದ ಒಬ್ಬನ ಅಜ್ಜಿಯದು. ಕಾವೇರಿ ಬಯಲಿನ ಊರು. ತಾತ ಮೇಷ್ಟ್ರಾಗಿದ್ದವರು, ಈಗಿಲ್ಲ. ಹೆಣ್ಣುಮಕ್ಕಳು ಮದುವೆಯಾಗಿ ಬೆಂಗಳೂರು ಸೇರಿದ್ದಾರೆ. ಅಜ್ಜಿಗೆ ಮಂಡಿನೋವು, ಏಣಿ ಹತ್ತಲು ಆಗುವುದಿಲ್ಲ. ಹಾಗಾಗಿ ಗೊಂಬೆ ಟ್ರಂಕು ಹನ್ನೊಂದು ವರ್ಷ ಅಟ್ಟದಲ್ಲೇ ಉಳಿದಿತ್ತು.

ಕೆಳಗಿಳಿಸಿ ಮುಚ್ಚಳ ಎತ್ತಿದರೆ ಮೊದಲು ಬಂದದ್ದು ವಾಸನೆ. ನುಸಿಗುಳಿಗೆ, ಇಲಿ ಹಿಕ್ಕೆ, ಮುಗ್ಗಲು, ಮೂರೂ ಸೇರಿದ ವಾಸನೆ. ಮೇಲಿನ ಪದರದಲ್ಲಿದ್ದ ಚನ್ನಪಟ್ಟಣದ ಗಾಡಿ, ಬುಗುರಿ, ಬಣ್ಣದ ಸೈನಿಕರು ನಿನ್ನೆ ತಂದಂತಿದ್ದರು. ಅದರ ಕೆಳಗೆ ಮಣ್ಣಿನ ದಶಾವತಾರ. ಹತ್ತರಲ್ಲಿ ನಾಲ್ಕು ನೆಟ್ಟಗಿದ್ದವು. ಕಾಗದದ ತಿರುಳಲ್ಲಿ ಮಾಡಿದ್ದ ಆನೆಯ ಹೊಟ್ಟೆ ಟೊಳ್ಳಾಗಿ, ಚರ್ಮ ಮಾತ್ರ ಉಳಿದಿತ್ತು. ಗೊಂಬೆಗಳನ್ನೆಲ್ಲ ಸುತ್ತಿದ್ದದ್ದು ಹನ್ನೊಂದು ವರ್ಷ ಹಿಂದಿನ ದಿನಪತ್ರಿಕೆಯಲ್ಲಿ. ಲಕ್ಷ್ಮಿಯ ಕೆನ್ನೆಯ ಮೇಲೆ ಅಂದಿನ ಸುದ್ದಿಯ ತಲೆಬರಹ ಉಲ್ಟಾ ಅಚ್ಚಾಗಿ ಕೂತಿತ್ತು. ಪತ್ರಿಕೋದ್ಯಮ ಓದಿದ ನಮಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿರಲಿಲ್ಲ!

ಟ್ರಂಕಿನ ತಳದಲ್ಲಿ ಪಟ್ಟದ ಗೊಂಬೆ ಜೋಡಿ, ರಾಜ ಮತ್ತು ರಾಣಿ. ಸುತ್ತಿದ್ದ ರೇಷ್ಮೆ ತುಂಡು ಹಿಡಿದರೆ ಪುಡಿಯಾಗುತ್ತಿತ್ತು. ಗೊಂಬೆಗಳ ಮೈಮೇಲೆ ಒಂದು ಗೀರೂ ಇರಲಿಲ್ಲ.

"ಗೆದ್ಲು ತಿಂತು, ಇಲಿ ತಿಂತು ಅಂತ ಬರೀಬ್ಯಾಡಿ ಕಣ್ರಪ್ಪಾ," ಅಂದರು ಅಜ್ಜಿ, ಕುರ್ಚಿಯಲ್ಲಿ ಕೂತೇ. "ವರ್ಷಾ ವರ್ಷಾ ತೆಗ್ದಿದ್ರೆ ಯಾವ್ದೂ ತಿಂತಿರ್ಲಿಲ್ಲ. ತೆಗೀದೇ ಹಾಳಾದ್ವು."

ಆ ಮಾತು ನಮ್ಮ ತಲೆಯಲ್ಲೇ ಉಳಿಯಿತು. ಅಜ್ಜಿ ಹೇಳಿದ್ದು ಒಂದು ಮನೆಯ ಕತೆ ಮಾತ್ರ ಅಲ್ಲ ಎಂದು ಆಮೇಲೆ ಒಂದೊಂದೇ ಹುಡುಕುತ್ತಾ ಹೋದಾಗ ಗೊತ್ತಾಯಿತು.

ಹಳೇ ಮೈಸೂರು ಸೀಮೆಯಲ್ಲಿ ಗೊಂಬೆ ಕೂರಿಸುವುದು ದಸರೆಯ ಜೊತೆ ಬೆಳೆದ ರೂಢಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆ ಶುರು ಮಾಡಿದರು. ಮುಂದೆ ಅದು ಮೈಸೂರಿಗೆ ಬಂತು. ಅರಮನೆಯಲ್ಲಿ ರಾಜರ ದರ್ಬಾರು ನಡೆದರೆ, ಮನೆಗಳಲ್ಲಿ ಮೆಟ್ಟಿಲು ಕಟ್ಟಿ ಗೊಂಬೆಗಳ ದರ್ಬಾರು. ಮೂರು, ಐದು, ಏಳು, ಒಂಬತ್ತು, ಹೀಗೆ ಬೆಸ ಸಂಖ್ಯೆಯ ಮೆಟ್ಟಿಲು. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆ. ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರ ಅಂಗಡಿ, ಮದುವೆ ದಿಬ್ಬಣ, ರಾಗಿ ಹೊಲ. ಸಂಜೆ ಮಕ್ಕಳು ಮನೆ ಮನೆಗೆ ಹೋಗಿ ಗೊಂಬೆ ಬಾಗಿನ ಈಸಿಕೊಂಡು ಬರುತ್ತಿದ್ದರು. ನಿಜ ಹೇಳಬೇಕೆಂದರೆ ಇದು ಎಲ್ಲರ ಮನೆಯ ಹಬ್ಬ ಆಗಿರಲಿಲ್ಲ. ಅಗ್ರಹಾರ, ಶಾನುಭೋಗರು, ಅರಮನೆ ನೌಕರರು, ಮೇಷ್ಟ್ರುಗಳ ಮನೆ, ಇಷ್ಟರಲ್ಲೇ ಹೆಚ್ಚು. ಗೊಂಬೆ ಮಾಡಿದ ಕೈಗಳ ಮನೆಯಲ್ಲಿ ಗೊಂಬೆ ಕೂತದ್ದು ಕಡಿಮೆ.

ನವರಾತ್ರಿ ಬರುವುದು ಯಾವಾಗ? ಆಶ್ವಯುಜ ಮಾಸದಲ್ಲಿ. ಮುಂಗಾರಿನ ನಾಲ್ಕು ತಿಂಗಳು ಮುಗಿಯುವ ಹೊತ್ತು. ಹಿಂಗಾರು ಆಗಾಗ ಬಂದು ಹೋದರೂ ನಡುವೆ ಬಿಸಿಲು ಬೀಳುತ್ತದೆ. ಮಳೆಗಾಲದಲ್ಲಿ ತೇವ ಕುಡಿದ ಸಾಮಾನೆಲ್ಲ ಹೊರಗೆ ಬರಬೇಕಾದ ಸಮಯ ಅದೇ. ಆ ಒಂಬತ್ತು ದಿನಗಳಲ್ಲಿ ನಮ್ಮವರು ಮಾಡಿದ್ದೇನು ನೋಡಿ. ಸರಸ್ವತಿ ಪೂಜೆ ಅಂತ ಪುಸ್ತಕ, ತಾಳೆಗರಿಯ ಕಟ್ಟು ತೆಗೆದು ಒರೆಸಿದರು. ಆಯುಧಪೂಜೆ ಅಂತ ಕುಡುಗೋಲು, ನೇಗಿಲು, ಮಗ್ಗ, ತಕ್ಕಡಿ ತೊಳೆದು ಎಣ್ಣೆ ಮುಟ್ಟಿಸಿದರು. ಗೊಂಬೆ ಹಬ್ಬ ಅಂತ ಟ್ರಂಕು ಖಾಲಿ ಮಾಡಿದರು. ಇದಕ್ಕೆಲ್ಲ ಪೂಜೆಯ ಹೆಸರಿತ್ತು. ಮ್ಯೂಸಿಯಂನವರು ಸಂಬಳ ಕೊಟ್ಟು ಮಾಡಿಸುವ ವಾರ್ಷಿಕ ತಪಾಸಣೆ ಇದೇ ಕೆಲಸ. ಬೇಕೆಂದೇ ಹೀಗೆ ಯಾರೋ ಯೋಜನೆ ಹಾಕಿದರು ಎಂದು ನಾವು ಹೇಳುತ್ತಿಲ್ಲ. ಆದರೆ ಕೆಲಸ ಮಾತ್ರ ಆಗುತ್ತಿತ್ತು. ಗೊಂಬೆಯ ಕಾಲಲ್ಲಿ ಸಣ್ಣ ತೂತು ಬಿದ್ದಿದ್ದರೆ ಆ ವರ್ಷವೇ ಕಣ್ಣಿಗೆ ಬೀಳುತ್ತಿತ್ತು. ಹನ್ನೊಂದು ವರ್ಷ ಕಾಯುತ್ತಿರಲಿಲ್ಲ.

ಪಟ್ಟದ ಗೊಂಬೆ ಉಳಿದ ಗುಟ್ಟು ಮರದಲ್ಲಿದೆ. ಅದು ರಕ್ತಚಂದನ. ತಿರುಪತಿ ಸುತ್ತಿನ ಶೇಷಾಚಲ ಕಾಡಿನ ಮರ, ಕೆತ್ತುವವರೂ ಹೆಚ್ಚಾಗಿ ಆ ಕಡೆಯವರೇ. ಅದರ ಕೆಂಪು ತಿರುಳು ಎಷ್ಟು ಗಟ್ಟಿ ಎಂದರೆ ಗೆದ್ದಲಿಗೆ ಹಲ್ಲು ನಾಟುವುದಿಲ್ಲ. ಮದುವೆಯಲ್ಲಿ ತೌರಿನವರು ಹೆಣ್ಣಿಗೆ ಈ ಜೋಡಿಯನ್ನು ಕೊಟ್ಟು ಕಳಿಸುತ್ತಿದ್ದರು. ಹೊಸ ಮನೆಯಲ್ಲಿ ಮೊದಲ ನವರಾತ್ರಿಗೆ ಅದೇ ಮೊದಲ ಗೊಂಬೆ. ಆಮೇಲೆ ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಬೇಕು ಎಂಬ ರೂಢಿ. ಹಾಗಾಗಿ ಒಂದು ಟ್ರಂಕು ಎಂದರೆ ಒಬ್ಬ ಹೆಂಗಸಿನ ಬಾಳಿನ ಲೆಕ್ಕ. ಯಾವ ವರ್ಷ ಕೈಯಲ್ಲಿ ಕಾಸಿತ್ತು, ಯಾವ ವರ್ಷ ಇರಲಿಲ್ಲ, ಯಾವ ಜಾತ್ರೆಗೆ ಹೋಗಿದ್ದರು, ಎಲ್ಲ ಅದರಲ್ಲೇ ಇರುತ್ತದೆ.

ಅಜ್ಜಿಯ ಟ್ರಂಕಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿತ್ತು. ಅವರ ಅತ್ತೆಯ ಅಕ್ಷರ, ಪೆನ್ಸಿಲಿನದು. ಗೊಂಬೆಯ ಹೆಸರು, ತಂದ ಊರು, ಕೆಲವಕ್ಕೆ ಬೆಲೆ. ಅರ್ಧ ಚೀಟಿಯನ್ನು ಹುಳ ತಿಂದಿತ್ತು. ಅಜ್ಜಿ ನೆನಪಿನಿಂದ ಹೇಳುತ್ತಾ ಹೋದರು, ನಾವು ಫೋನಿನಲ್ಲಿ ಬರೆದುಕೊಂಡೆವು. ಇಪ್ಪತ್ತಮೂರು ಗೊಂಬೆಗಳಲ್ಲಿ ಆರರ ಕತೆ ಅವರಿಗೂ ಮರೆತಿತ್ತು. ಮರ ಮುರಿದರೆ ಅಂಟಿಸಬಹುದು. ಈ ಆರು ಕತೆಗಳನ್ನು ಎಲ್ಲಿಂದ ತರುವುದು?

ಮೈಸೂರು ಅರಮನೆಗೆ ಹೋದವರು ಒಳಗೆ ಕಾಲಿಟ್ಟ ಕೂಡಲೇ ಗೊಂಬೆ ತೊಟ್ಟಿ ನೋಡಿರುತ್ತೀರಿ. ಅಲ್ಲಿರುವ ಸಾಂಪ್ರದಾಯಿಕ ಗೊಂಬೆಗಳು 19ನೇ ಶತಮಾನದವು ಮತ್ತು 20ನೇ ಶತಮಾನದ ಆರಂಭದವು. ಅವು ನಿಂತಿರುವ ಕಟ್ಟಡದ ಕತೆಯೂ ಆರೈಕೆಯ ಪಾಠವೇ. ಹಿಂದಿನ ಅರಮನೆ ಮರದ್ದು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಈಗಿನ ಕಲ್ಲಿನ ಅರಮನೆ ಮುಗಿದದ್ದು 1912ರಲ್ಲಿ. ಸಂಭ್ರಮದ ನಡುವೆಯೇ ಮನೆಗೆ ಬೆಂಕಿ ಬೀಳಬಹುದು ಎಂಬುದನ್ನು ರಾಜರ ಮನೆಯೇ ಕಂಡಿದೆ. ಗೊಂಬೆ ಮೆಟ್ಟಿಲಿಗೆ ಸೀರಿಯಲ್ ಸೆಟ್ ಸುತ್ತಿ, ಪಕ್ಕದಲ್ಲೇ ಎಣ್ಣೆ ದೀಪ ಇಟ್ಟು, ಹಿಂದೆ ಹಳೇ ಸೀರೆ ಇಳಿಬಿಡುವ ಮನೆಗಳನ್ನು ನಾವು ಪ್ರತಿ ವರ್ಷ ನೋಡುತ್ತೇವೆ.

ಅದೇ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿದ ಬಂಗಲೆ ಜಯಲಕ್ಷ್ಮಿ ವಿಲಾಸ. ಈಗ ಅದು ಮಾನಸಗಂಗೋತ್ರಿಯ ಒಳಗಿದೆ. ಮೈಸೂರು ವಿಶ್ವವಿದ್ಯಾನಿಲಯ 1968ರಲ್ಲಿ ಆರಂಭಿಸಿದ ಜಾನಪದ ವಸ್ತುಸಂಗ್ರಹಾಲಯ ಇರುವುದು ಅಲ್ಲೇ. ಅರಮನೆಯಲ್ಲಿ ಜಾಗ ಸಿಗದ ನಮ್ಮೂರ ಗೊಂಬೆಗಳಿಗೆ, ತೊಗಲುಗೊಂಬೆಗಳಿಗೆ, ಕುಣಿತದ ಸೋಮನಿಗೆ ಜಾಗ ಸಿಕ್ಕಿದ್ದು ಈ ಮನೆಯಲ್ಲಿ. ಚಿತ್ರದುರ್ಗ ಜಿಲ್ಲೆಯ ಹರ್ತಿಕೋಟೆಯ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು ಹಳ್ಳಿ ಹಳ್ಳಿ ತಿರುಗಿ ಸಾಮಾನು ತಂದು ಈ ಸಂಗ್ರಹ ಕಟ್ಟಿದವರಲ್ಲಿ ಮುಖ್ಯರು. ಬೇರೆಯವರಿಗೆ ಹಳೇ ಸಾಮಾನಾಗಿ ಕಂಡದ್ದು ಅವರಿಗೆ ಚರಿತ್ರೆಯಾಗಿ ಕಂಡಿತು. ಆದರೆ ಆ ಬಂಗಲೆಯೂ ನಡುವೆ ಶಿಥಿಲಗೊಂಡು ದುರಸ್ತಿ ಕಾಣಬೇಕಾಯಿತು. ಮ್ಯೂಸಿಯಂಗೆ ಕೊಟ್ಟರೆ ಕೈ ತೊಳೆದುಕೊಂಡ ಹಾಗೆ ಅಲ್ಲ. ಅಲ್ಲೂ ಯಾರಾದರೂ ಬೀಗ ತೆಗೆದು ನೋಡುತ್ತಿರಬೇಕು.

ಈಗ ಕೊಪ್ಪಳದ ಕಡೆ ಹೋಗೋಣ. ನಮ್ಮ ಬಳಗದ ಇನ್ನೊಬ್ಬಳ ಊರು ಆ ಕಡೆಯದು. ಅಜ್ಜಿಯ ಟ್ರಂಕಿನಲ್ಲಿ ಕಾಲು ಹಾಳಾಗಿದ್ದ ಒಂದು ಗೌರಿಯನ್ನು ನೋಡಿ ಅವಳೇ ಗುರುತು ಹಿಡಿದಳು: "ಇದು ನಮ್ಮ ಕಡೀದು, ಕಿನ್ನಾಳದ್ದು."

ಕಿನ್ನಾಳದ ಚಿತ್ರಗಾರರು ಗೊಂಬೆ ಮಾಡುವ ಬಗೆ ಗೊತ್ತಿದ್ದರೆ ಅದು ಯಾಕೆ ಹಾಳಾಗುತ್ತದೆ ಎಂಬುದೂ ಗೊತ್ತಾಗುತ್ತದೆ. ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಲ್ಲಿ ಜೋಡಿಸುತ್ತಾರೆ. ಗೋಣಿ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟು ಸೇರಿಸಿ ಕಲಸುತ್ತಾರೆ. ಇದಕ್ಕೆ ಕಿಟ್ಟ ಎಂದು ಹೆಸರು. ಒಡವೆ, ಕಿರೀಟದ ಉಬ್ಬು ಕೆಲಸಕ್ಕೆ ಬೆಣಚುಕಲ್ಲಿನ ಪುಡಿ ಮತ್ತು ಅಂಟು. ಮೇಲೆ ಹತ್ತಿ ಬಟ್ಟೆ ಅಂಟಿಸಿ, ಅದರ ಮೇಲೆ ಬಿಳಿ ಲೇಪ, ಅದರ ಮೇಲೆ ಬಣ್ಣ. ಹುಣಸೆ ಬೀಜ, ಬಟ್ಟೆ, ಮರದ ಹೊಟ್ಟು! ಹುಳಕ್ಕೆ ಇದು ಹಬ್ಬದೂಟ. ತೇವ ತಗುಲಿದರೆ ಅಂಟು ಸಡಿಲ, ಬಿಸಿಲು ಬಡಿದರೆ ಲೇಪ ಬಿರುಕು. ಇದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಲಾವಿದನ ವಾರದ ಕೆಲಸ ಒಂದು ನಿಮಿಷದಲ್ಲಿ ಬಟ್ಟೆಗೆ ಬರುತ್ತದೆ.

ಚನ್ನಪಟ್ಟಣದ್ದು ಬೇರೆ. ಹಾಲೆ ಮರವನ್ನು ಕಡೆಯುವಾಗಲೇ, ತಿರುಗುವ ಬಿಸಿಗೆ ಬಣ್ಣದ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅಂಟಿಲ್ಲ, ಲೇಪವಿಲ್ಲ. ಅದಕ್ಕೇ ಅವು ಟ್ರಂಕಿನಲ್ಲಿ ಹೊಸದಾಗಿ ಉಳಿದದ್ದು. ಅದಕ್ಕೆ ಶತ್ರು ಬಿಸಿ. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರೆ ಅರಗು ಮೆತ್ತಗಾಗುತ್ತದೆ.

ಅಂದರೆ "ಗೊಂಬೆ ಹೇಗೆ ಕಾಪಾಡುವುದು" ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಮೊದಲು ಅದು ಯಾತರದ್ದು ಎಂದು ಕೇಳಬೇಕು. ಹಳೇ ಮನೆಗಳಲ್ಲಿ ಕೆಲವೊಮ್ಮೆ ಹಗುರವಾದ, ಹೊಳೆಯುವ ಜಪಾನ್ ಗೊಂಬೆ ಸಿಗುತ್ತದೆ. ಪ್ಲಾಸ್ಟಿಕ್ಕಿನಂತೆ ಕಾಣುವ ಅದು ಸೆಲ್ಯುಲಾಯ್ಡ್ ಆಗಿರಬಹುದು, ಹತ್ತಿಯ ನಾರು ಮತ್ತು ಕರ್ಪೂರದಿಂದ ಮಾಡಿದ್ದು. ಕರ್ಪೂರದಷ್ಟೇ ಬೇಗ ಹೊತ್ತಿಕೊಳ್ಳುತ್ತದೆ. ಹಳತಾದಂತೆ ಅದರಿಂದ ಹೊರಡುವ ಆಮ್ಲದ ಆವಿ ಪಕ್ಕದ ಗೊಂಬೆಗಳನ್ನೂ ಕೆಡಿಸುತ್ತದೆ. ಅದನ್ನು ಬೇರೆ, ಗಾಳಿಯಾಡುವ ಕಡೆ ಇಡಬೇಕು. ದೀಪದ ಹತ್ತಿರ ತರಲೇಬಾರದು.

ಕಿನ್ನಾಳದ ಜಿಲ್ಲೆಯಲ್ಲೇ ಮೊರನಾಳ ಎಂಬ ಊರಿದೆ. ಅಲ್ಲಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರಿಗೆ 96 ವರ್ಷ. ತೊಗಲುಗೊಂಬೆಯಲ್ಲಿ ರಾಮಾಯಣ, ಮಹಾಭಾರತ ಆಡಿಸುತ್ತಾ ಅಮೆರಿಕ, ಫ್ರಾನ್ಸಿನವರೆಗೆ ಹೋಗಿ ಬಂದವರು. ಮನೆತನದಲ್ಲಿ ತಲೆಮಾರುಗಳಿಂದ ಬಂದ ಗೊಂಬೆಗಳು ಅವರ ಆಸ್ತಿ.

ತೊಗಲುಗೊಂಬೆ ಎಂದರೆ ಹದ ಮಾಡಿದ ಮೇಕೆಯ ಚರ್ಮ, ಬೆಳಕು ತೂರುವಷ್ಟು ತೆಳು. ರಾಜರು, ದೇವರು ದೊಡ್ಡ ಗೊಂಬೆ. ಸಾಮಾನ್ಯರು ಸಣ್ಣವು. ಗೊಂಬೆಯಲ್ಲೂ ದೊಡ್ಡೋರು ದೊಡ್ಡೋರೇ! ಆಡಿಸುವವರಿಗೆ ಸ್ವಂತ ಮನೆ, ಅಟ್ಟ ಎಲ್ಲಿ ಬರಬೇಕು? ಊರೂರು ತಿರುಗುವ ಜನ. ಮಳೆ, ಬಿಸಿಲು, ಗಾಡಿಯ ಕುಲುಕಾಟ ಎಲ್ಲದರ ನಡುವೆ ಚರ್ಮದ ಗೊಂಬೆಗಳನ್ನು ಮಡಚದೆ, ಒಂದರ ಮೇಲೊಂದು ಚಪ್ಪಟೆಯಾಗಿ ಪೇರಿಸಿ ಕಟ್ಟಿ ಒಯ್ದರು. ಮ್ಯೂಸಿಯಂನವರು ಇವತ್ತು ಹೇಳುವುದೂ ಇದನ್ನೇ: ಚರ್ಮವನ್ನು ಮಡಚಬೇಡಿ, ಸುರುಳಿ ಸುತ್ತಬೇಡಿ, ಚಪ್ಪಟೆ ಇಡಿ.

ಮಳೆ ಹೋದರೆ ಊರವರು ತೊಗಲುಗೊಂಬೆ ಆಟ ಆಡಿಸುತ್ತಿದ್ದರು, ಆಡಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆ. ಮಳೆ ಬಂತೋ ಬಿಟ್ಟಿತೋ, ಗೊಂಬೆಗಳಂತೂ ಗಂಟಿನಿಂದ ಹೊರಗೆ ಬರುತ್ತಿದ್ದವು. ಕೈಯಾಡುತ್ತಿತ್ತು, ಗಾಳಿಯಾಡುತ್ತಿತ್ತು, ಹರಿದದ್ದು ಕಣ್ಣಿಗೆ ಬೀಳುತ್ತಿತ್ತು. ಸಿನಿಮಾ, ಟಿ.ವಿ. ಬಂದ ಮೇಲೆ ಕರೆಯುವವರು ಕಡಿಮೆಯಾದರು. ಗಂಟು ಬಿಚ್ಚುವುದು ನಿಂತಿತು. ಅಜ್ಜಿಯ ಟ್ರಂಕಿಗೂ ಈ ಗಂಟಿಗೂ ಜಾತಿ ಬೇರೆ, ಸೀಮೆ ಬೇರೆ, ಕಾಯಿಲೆ ಮಾತ್ರ ಒಂದೇ. ಇಂಥ ಕಾಲದಲ್ಲಿ ಪ್ರೊ. ಎಂ.ಎಸ್. ನಂಜುಂಡರಾವ್ ಅವರು ತೊಗಲುಗೊಂಬೆಗಳನ್ನು ಹುಡುಕಿ ಸಂಗ್ರಹಿಸಿದರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅವನ್ನು ಈಗಲೂ ನೋಡಬಹುದು.

ಅವರಂತೆ ಕೊಂಡವರೆಲ್ಲ ಕಾಪಾಡಲು ಕೊಂಡದ್ದಲ್ಲ. ಹಳೇ ಗೊಂಬೆ ಕೊಳ್ಳುವವರು ಈಗಲೂ ಹಳ್ಳಿಗೆ ಬರುತ್ತಾರೆ. ಅಜ್ಜಿಯ ಮನೆಗೂ ಹಿಂದೊಮ್ಮೆ ಒಬ್ಬ ಬಂದು ಪಟ್ಟದ ಗೊಂಬೆಗೆ ಎರಡು ಸ್ಟೀಲ್ ಕೊಳಗ ಕೊಡುತ್ತೇನೆ ಅಂದಿದ್ದನಂತೆ. ಮಾರುವುದು ನಿಮ್ಮ ಇಷ್ಟ, ನಾವು ಬೇಡ ಎನ್ನಲಾರೆವು. ಆದರೆ ಒಂದು ತಿಳಿದಿರಲಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ಕಲಾವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ, ಅವುಗಳ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. ಎರಡು ಕೊಳಗ ಹಿಡಿದು ಬಂದವನ ಹತ್ತಿರ ಆ ಕಾಗದ ಇದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಸರಿ, ನಮ್ಮ ಟ್ರಂಕಿಗೆ ಏನು ಮಾಡಿದೆವು?

ಮೊದಲು ತಪ್ಪು ಮಾಡಿದೆವು. ನಮ್ಮಲ್ಲೊಬ್ಬ ಮಣ್ಣಿನ ಕೃಷ್ಣನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಕೃಷ್ಣನ ನೀಲಿಯೆಲ್ಲ ಬಟ್ಟೆಗೆ ಬಂತು. ಎಡಗೆನ್ನೆಯ ಮೇಲೆ ಇವತ್ತಿಗೂ ಬಿಳಿ ಮಚ್ಚೆ ಇದೆ. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ನೀರು ಮುಟ್ಟಲಿಲ್ಲ. ಮೃದುವಾದ ಒಣ ಬ್ರಷ್ಷಿನಲ್ಲಿ, ನಿಜಕ್ಕೂ ಅದು ತಂಗಿಯ ಮೇಕಪ್ ಬ್ರಷ್, ಮೇಲಿಂದ ಕೆಳಕ್ಕೆ ದೂಳು ಇಳಿಸಿದೆವು. ಬಣ್ಣ ಏಳುತ್ತಿದ್ದ ಕಡೆ ಅದನ್ನೂ ಮಾಡಲಿಲ್ಲ. ಹೊಸ ಬಣ್ಣ ಬಳಿಯೋಣ, ವಾರ್ನಿಶ್ ಹೊಡೆಯೋಣ ಎಂಬ ಆಸೆ ಬಂತು, ತಡೆದುಕೊಂಡೆವು. ಹಳೇ ಬಣ್ಣದ ಮೇಲೆ ಹೊಸ ಬಣ್ಣ ಬಿದ್ದರೆ ಗೊಂಬೆಯ ವಯಸ್ಸೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಬುಡದಲ್ಲಿ ಹಿಟ್ಟಿನಂಥ ಹುಡಿ ಬೀಳುತ್ತಿದ್ದ ಎರಡು ಮರದ ಗೊಂಬೆಗಳನ್ನು ಉಳಿದವುಗಳ ಜೊತೆ ಸೇರಿಸಲಿಲ್ಲ. ಒಳಗೆ ಹುಳ ಇನ್ನೂ ಇದೆ ಎಂಬುದಕ್ಕೆ ಆ ಹುಡಿಯೇ ಗುರುತು.

ಟ್ರಂಕನ್ನು ಬಿಸಿಲಿಗಿಟ್ಟೆವು, ಗೊಂಬೆಗಳನ್ನು ನೆರಳಿಗೆ. ಪತ್ರಿಕೆಯ ಬದಲು ಅಜ್ಜಿಯ ಹಳೇ ಕಾಟನ್ ಸೀರೆ. ಗಂಜಿ ಹಾಕದ, ಚೆನ್ನಾಗಿ ಒಗೆದ ಸೀರೆಯೇ ಆಗಬೇಕು. ಗಂಜಿಯ ವಾಸನೆಗೆ ಹುಳ ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಟ್ಟಲಿಲ್ಲ, ಅದು ತೇವವನ್ನು ಒಳಗೇ ಕೂಡಿ ಹಾಕುತ್ತದೆ. ನುಸಿಗುಳಿಗೆ ಬೇಡ ಎಂದು ನಿರ್ಧರಿಸಿದೆವು. ಅದರ ಆವಿ ಮಕ್ಕಳಿಗೂ ಒಳ್ಳೆಯದಲ್ಲ. ಅದರ ಬದಲು ಅಜ್ಜಿ ಬಜೆ ಬೇರನ್ನೂ ಬೇವಿನ ಸೊಪ್ಪನ್ನೂ ಬಟ್ಟೆಯ ಗಂಟು ಕಟ್ಟಿಸಿದರು. ತಾಳೆಗರಿ ಕಟ್ಟುಗಳಿಗೂ ಹಿಂದೆ ಇದನ್ನೇ ಇಡುತ್ತಿದ್ದರು. ಸೊಪ್ಪು ಗರಿಗರಿ ಒಣಗಿರಬೇಕು. ಹಸಿ ಸೊಪ್ಪು ಇಟ್ಟರೆ ತೇವವನ್ನು ನಾವೇ ಕರೆದು ಕೂರಿಸಿದಂತೆ. ಬೇವು ಇಟ್ಟೆವು ಎಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ, ಗೆದ್ದಲು ಬೇವಿಗೆ ಹೆದರಿ ಊರು ಬಿಡುವುದಿಲ್ಲ.

ಭಾರದ ಗೊಂಬೆ ಕೆಳಗೆ, ಹಗುರದ್ದು ಮೇಲೆ. ಟ್ರಂಕು ಮತ್ತೆ ಅಟ್ಟಕ್ಕೆ ಹೋಗಲಿಲ್ಲ. ಬೇಸಿಗೆಯಲ್ಲಿ ಹೆಂಚಿನ ಕೆಳಗಿನ ಕಾವು, ಮಳೆಗಾಲದಲ್ಲಿ ಸೋರುವ ನೀರು, ಎರಡೂ ಅಲ್ಲೇ. ನಡುಮನೆಯ ಮೂಲೆಯಲ್ಲಿ, ಗೋಡೆಗೆ ತಾಗದಂತೆ, ನಾಲ್ಕು ಇಟ್ಟಿಗೆ ಮೇಲೆ ಹಲಗೆ ಹಾಕಿ ಇಟ್ಟೆವು. ಅಜ್ಜಿ ಕುರ್ಚಿಯಿಂದಲೇ ಮುಚ್ಚಳ ತೆಗೆಯಬಹುದು. ಪ್ರತಿ ಗೊಂಬೆಯ ಫೋಟೊ ತೆಗೆದು, ಹೆಸರು ಬರೆದು, ಬೆಂಗಳೂರಿನ ಹೆಣ್ಣುಮಕ್ಕಳಿಗೂ ಕಳಿಸಿದೆವು. ಮರೆತುಹೋಗಿದ್ದ ಆರು ಕತೆಗಳಲ್ಲಿ ಎರಡು ಆ ರಾತ್ರಿಯೇ ವಾಟ್ಸ್ಆ್ಯಪ್‌ನಲ್ಲಿ ವಾಪಸು ಬಂದವು.

ಆ ವರ್ಷ ಮೂರೇ ಮೆಟ್ಟಿಲು ಕಟ್ಟಿದೆವು. ಶೆಟ್ಟರ ಅಂಗಡಿಯ ಶೆಟ್ಟಮ್ಮನಿಗೆ ಮೂಗಿರಲಿಲ್ಲ, ಒಂದು ಕೈ ಇರಲಿಲ್ಲ. ಅವಳನ್ನು ಹಿಂದೆ ಮರೆಯಾಗಿ ಇಡಲು ಹೋದರೆ ಅಜ್ಜಿ ತಡೆದರು. "ಅವ್ಳು ನಮ್ಮತ್ತೆ ತಂದೋಳು. ಮುಂದ್ಕೇ ಕೂರ್ಸಿ." ವಿಜಯದಶಮಿಯ ರಾತ್ರಿ ಆರತಿ ಎತ್ತಿ, ರಾಜ ರಾಣಿಯನ್ನು ಮೆಲ್ಲಗೆ ಮಲಗಿಸಿದರು. ಮಾರನೆಯ ದಿನ ಒಂದೊಂದೇ ಗೊಂಬೆಯನ್ನು ಸೀರೆಯ ತುಂಡಿನಲ್ಲಿ ಸುತ್ತಿ ಕೊಡುತ್ತಾ ಹೊಸ ಚೀಟಿ ಬರೆಸಿದರು. ಕೃಷ್ಣನ ಸರದಿ ಬಂದಾಗ ನಮ್ಮವನ ಮುಖ ನೋಡಿ, "ಬರ್ಕೊ," ಅಂದರು. "ಕೃಷ್ಣ, ಮೈಸೂರು. ಎಡಗೆನ್ನೆ ಬಿಳೀ ಮಚ್ಚೆ, 2024. ಮೊಮ್ಮಗನ ಸ್ನೇಹಿತ ಮಾಡಿದ್ದು."